ಜಾತಕದ ಜೊತೆ ಇನ್ನೊಂದು ಹಾಳೆ: ಮನೆತನದಲ್ಲಿ ಕಾಯಿಲೆ ಹೇಗೆ ಇಳಿದು ಬರುತ್ತದೆ ಅಂತ ನೀವೇ ಓದಿಕೊಳ್ಳಿ

ನಮ್ಮ ಚಿಕ್ಕಮ್ಮ ಮದುವೆಯಾಗಿದ್ದು ಸೋದರತ್ತೆ ಮಗನನ್ನು. ಅಂದರೆ ನಮ್ಮ ಅಜ್ಜನ ತಂಗಿಯ ಮಗ. ಗೊತ್ತಿರುವ ಮನೆ, ಕಣ್ಣೆದುರೇ ಬೆಳೆದ ಹುಡುಗ, ಇನ್ನೇನು ಬೇಕು ಅಂತ ಎಲ್ಲರಿಗೂ ಖುಷಿ. ಮೊದಲನೆಯದು ಹೆಣ್ಣು ಮಗು, ಗಟ್ಟಿಮುಟ್ಟಾಗಿತ್ತು. ಎರಡನೆಯದು ಗಂಡು. ಎಂಟು ತಿಂಗಳಾಗುವಷ್ಟರಲ್ಲಿ ಮಗು ಬಿಳುಚಿಕೊಂಡಿತು, ಹಾಲು ಬಿಟ್ಟಿತು, ಹೊಟ್ಟೆ ಉಬ್ಬಿತು. ದೃಷ್ಟಿ ತೆಗೆದರು, ತಾಯತ ಕಟ್ಟಿದರು, ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಬ್ಬಿಣಾಂಶದ ಟಾನಿಕ್ ಕುಡಿಸಿದರು. ಕೊನೆಗೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ರಕ್ತದ ಕೆಂಪು ಕಣ ಸರಿಯಾಗಿ ತಯಾರಾಗದ ಕಾಯಿಲೆ. ಅವನಿಗೀಗ 19 ವರ್ಷ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಾನೆ, ಮೈಯಲ್ಲಿ ತುಂಬಿಕೊಳ್ಳುವ ಕಬ್ಬಿಣ ತೆಗೆಯಲು ದಿನಾ ಬೆಳಗ್ಗೆ ಮಾತ್ರೆ ಕರಗಿಸಿ ಕುಡಿಯುತ್ತಾನೆ.

ಅಷ್ಟೂ ವರ್ಷ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ಇವಳ ಹೊಟ್ಟೆಯ ದೋಷ." ಅದು ಶುದ್ಧ ಸುಳ್ಳು. ಆ ಮಗುವಿಗೆ ಕೆಟ್ಟ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕಡೆಯಿಂದ ಸಮಸಮವಾಗಿ ಬಂದಿತ್ತು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಒಂದು ಹಾಳೆ, ಒಂದು ಪೆನ್ನು, ಮನೆಯ ಹಿರಿಯ ಹೆಂಗಸಿನ ಜೊತೆ ಒಂದು ಮಧ್ಯಾಹ್ನ. ಇಷ್ಟಿದ್ದರೆ ನಿಮ್ಮ ಮನೆಯಲ್ಲಿ ಏನು ಇಳಿದು ಬರುತ್ತಿದೆ ಅನ್ನುವುದನ್ನು ಮುಕ್ಕಾಲು ಪಾಲು ನೀವೇ ಓದಬಹುದು. ಉಳಿದ ಕಾಲು ಪಾಲಿಗೆ ಪರೀಕ್ಷೆ ಇದೆ.

ಮೊದಲು ಹಾಳೆ ಬರೆಯಿರಿ

ದೊಡ್ಡ ಹಾಳೆ ತಗೊಳ್ಳಿ. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಗಂಡ ಹೆಂಡತಿ ನಡುವೆ ಅಡ್ಡಗೆರೆ, ಅದರಿಂದ ಕೆಳಗೆ ಇಳಿಬಿಟ್ಟ ಗೆರೆಯಲ್ಲಿ ಮಕ್ಕಳು, ಹಿರಿಯರಿಂದ ಕಿರಿಯರಿಗೆ, ಎಡದಿಂದ ಬಲಕ್ಕೆ. ಕಾಯಿಲೆ ಇದ್ದವರ ಗುರುತನ್ನು ಪೂರ್ತಿ ಕಪ್ಪು ಮಾಡಿ. ತೀರಿಕೊಂಡವರ ಮೇಲೆ ಓರೆಗೆರೆ. ಗರ್ಭ ನಿಲ್ಲದೆ ಹೋಗಿದ್ದರೆ ಚಿಕ್ಕ ತ್ರಿಕೋನ. ಸೋದರಿಕೆಯಲ್ಲಿ ಮದುವೆಯಾಗಿದ್ದರೆ ಅಡ್ಡಗೆರೆಯನ್ನು ಎರಡು ಸಲ ಎಳೆಯಿರಿ. ಪ್ರಪಂಚದ ಎಲ್ಲ ಕಡೆ ಡಾಕ್ಟರುಗಳು ಹೆಚ್ಚೂ ಕಡಿಮೆ ಇದೇ ಗುರುತು ಬಳಸುತ್ತಾರೆ, ಹಾಗಾಗಿ ನಿಮ್ಮ ಹಾಳೆ ಯಾವ ಆಸ್ಪತ್ರೆಯಲ್ಲಾದರೂ ಅರ್ಥವಾಗುತ್ತದೆ. ಕಡಿಮೆ ಅಂದರೂ ಮೂರು ತಲೆಮಾರು ಬರಬೇಕು. ತಂದೆ ಕಡೆ, ತಾಯಿ ಕಡೆ ಎರಡೂ ಬೇಕು. ನಮ್ಮಲ್ಲಿ ವಂಶಾವಳಿ ಅಂದರೆ ಗಂಡುಮಕ್ಕಳ ಹೆಸರು ಮಾತ್ರ ಬರೆಯುವ ಅಭ್ಯಾಸ ಇದೆ, ಹೆಣ್ಣುಮಕ್ಕಳು ಬೇರೆ ಮನೆಗೆ ಹೋದ ಮೇಲೆ ಅವರ ಗೆರೆ ಅಲ್ಲಿಗೇ ನಿಂತುಬಿಡುತ್ತದೆ. ಈ ಹಾಳೆಯಲ್ಲಿ ಹಾಗೆ ಮಾಡಿದರೆ ಎಲ್ಲ ಕೆಟ್ಟಿತು. ಬಹಳಷ್ಟು ಸುದ್ದಿ ಇರುವುದೇ ಆ ಹೆಣ್ಣುಮಕ್ಕಳ ಕಡೆ.

ಕೇಳುವ ರೀತಿ ಮುಖ್ಯ. "ಅಜ್ಜಿ, ನಮ್ಮಲ್ಲಿ ಆನುವಂಶಿಕ ಕಾಯಿಲೆ ಇದೆಯಾ?" ಅಂದರೆ "ಇಲ್ಲಪ್ಪ, ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ" ಅನ್ನುವ ಉತ್ತರ ಗ್ಯಾರಂಟಿ. ಹಾಗೆ ಕೇಳಬೇಡಿ. ಯಾರ ಮಗು ಉಳಿಯಲಿಲ್ಲ? ಎಷ್ಟು ತಿಂಗಳಿಗೆ ಹೋಯಿತು? ಹೋಗುವಾಗ ಹೇಗಿತ್ತು, ಬಿಳಿಚಿಕೊಂಡಿತ್ತಾ, ಫಿಟ್ಸ್ ಬರುತ್ತಿತ್ತಾ? ಯಾರಿಗೆ ಸಾಲಾಗಿ ಗರ್ಭ ಹೋಯಿತು? ಯಾರು ನಡೆಯುತ್ತಿದ್ದವರು ಏಳೆಂಟು ವರ್ಷಕ್ಕೆ ಬಿದ್ದು ಬಿದ್ದು ಏಳುತ್ತಿದ್ದರು? ಹಲ್ಲು ಕಿತ್ತಾಗ ಯಾರಿಗೆ ರಕ್ತ ನಿಲ್ಲಲಿಲ್ಲ? ಇರುಳುಗಣ್ಣು ಯಾರಿಗಿತ್ತು? ಕಿವಿ ಕೇಳದವರು, ಮಾತು ಬಾರದವರು? 50 ದಾಟುವ ಮೊದಲೇ ಎದೆ ಹಿಡಿದು ಹೋದವರು, ಸ್ತನ ಕ್ಯಾನ್ಸರ್ ಆದವರು? ಹೀಗೆ ಒಂದೊಂದೇ ಕೇಳಿ. "ಬಾಲಗ್ರಹ", "ದೇವರ ಕಾಟ", "ದೃಷ್ಟಿ" ಅಂತ ಹೇಳಿದರೆ ಜಗಳ ಮಾಡಬೇಡಿ, ಅದನ್ನೂ ಬರೆದುಕೊಳ್ಳಿ. ಆ ಹೆಸರಿನ ಹಿಂದೆ ನಿಜವಾದ ಒಂದು ಮಗು ಇದೆ ಅಲ್ವಾ.

ನಮ್ಮ ಅಜ್ಜಿ ಅವತ್ತು ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಅರ್ಧ ಗಂಟೆ ಏನೂ ಸಿಗಲಿಲ್ಲ. ಆಮೇಲೆ ಸುಮ್ನೆ ಹೇಳಿದರು: "ನಮ್ಮ ನಾದಿನಿಗೆ ಮೊದಲು ಒಂದು ಗಂಡು ಆಗಿತ್ತಲ್ಲ, ಅದೂ ವರ್ಷ ತುಂಬಲಿಲ್ಲ. ಬೆಳ್ಳಗೆ ಮೇಣದ ಹಾಗೆ ಆಗಿತ್ತು." ಆ ನಾದಿನಿ ಅಂದರೆ ಅಜ್ಜನ ತಂಗಿ, ಚಿಕ್ಕಮ್ಮನ ಅತ್ತೆ. ಅವರದ್ದೂ ಸೋದರಿಕೆಯ ಮದುವೆಯೇ. ಆ ಮಗುವಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಒಂದು ಚಿಕ್ಕ ಚೌಕ ಬರೆದು ಕಪ್ಪು ಮಾಡಿ ಓರೆಗೆರೆ ಎಳೆದೆ. ಡಾಕ್ಟರ ಸರ್ಟಿಫಿಕೇಟು ಇಲ್ಲ ಅಂತ ಪಕ್ಕದಲ್ಲೊಂದು ಪ್ರಶ್ನೆ ಗುರುತು ಹಾಕಿದೆ. ಹಾಳೆ ಅಲ್ಲಿಂದ ಮಾತಾಡಲು ಶುರು ಮಾಡಿತು.

ಜೋಡೆತ್ತಿನ ಲೆಕ್ಕ

ಹಾಳೆ ಓದಲು ಒಂದೇ ಸಂಗತಿ ಗೊತ್ತಿದ್ದರೆ ಸಾಕು. ನಮ್ಮ ಜೀವಕೋಶದಲ್ಲಿ ಕ್ರೋಮೋಸೋಮ್ ಅನ್ನುವ ಎಳೆಗಳು 46, ಅಂದರೆ 23 ಜೊತೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. ಅವುಗಳ ಮೇಲೆ, ಮೈ ಹೇಗೆ ಕೆಲಸ ಮಾಡಬೇಕು ಅನ್ನುವ ಸೂಚನೆ ಇರುವ ಸುಮಾರು 20,000 ಜೀನ್‌ಗಳು, ಅವೂ ಜೊತೆ ಜೊತೆಯಾಗಿ. ಪ್ರತಿ ಜೀನೂ ಎರಡೆತ್ತಿನ ಗಾಡಿ ಅಂದುಕೊಳ್ಳಿ. ಮಗುವಿಗೆ ಅಪ್ಪ ತನ್ನ ಎರಡರಲ್ಲಿ ಒಂದು ಎತ್ತು ಕೊಡುತ್ತಾನೆ, ಅಮ್ಮ ತನ್ನ ಎರಡರಲ್ಲಿ ಒಂದು ಕೊಡುತ್ತಾಳೆ. ಯಾವುದು ಹೋಗುತ್ತದೆ ಅನ್ನುವುದು ಚೀಟಿ ಎತ್ತಿದ ಹಾಗೆ, ಯಾರ ಕೈಯಲ್ಲೂ ಇಲ್ಲ.

ಕೆಲವು ಗಾಡಿಗಳಲ್ಲಿ ಒಂದು ಎತ್ತು ಕುಂಟಾದರೂ ಇನ್ನೊಂದು ಎಳೆದುಕೊಂಡು ಹೋಗುತ್ತದೆ. ಮನುಷ್ಯ ಆರೋಗ್ಯವಾಗಿರುತ್ತಾನೆ. ಇವರೇ ವಾಹಕರು, ಎಲ್ಲರೂ ಹೇಳುವ ಹಾಗೆ ಕ್ಯಾರಿಯರ್. ಎರಡೂ ಕುಂಟಾದಾಗ ಮಾತ್ರ ಕಾಯಿಲೆ. ಇನ್ನು ಕೆಲವು ಗಾಡಿಗಳಲ್ಲಿ ಒಂದೇ ಕೆಟ್ಟ ಎತ್ತು ಸಾಕು, ಗಾಡಿ ಹಳ್ಳಕ್ಕೆ. ಮೂರನೆಯದು ಎಕ್ಸ್ ಕ್ರೋಮೋಸೋಮಿನ ಮೇಲಿನ ಗಾಡಿ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ, ಅದರ ಜೊತೆಗಿರುವುದು ವೈ. ಗಂಡಿನದು ಒಂಟೆತ್ತಿನ ಗಾಡಿ, ಅದು ಕುಂಟಾದರೆ ಆಸರೆಗೆ ಇನ್ನೊಂದಿಲ್ಲ.

ಈಗ ಹಾಳೆ ನೋಡಿ.

ಕಪ್ಪು ಗುರುತು ಒಂದೇ ಸಾಲಿನಲ್ಲಿದ್ದರೆ

ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿದ್ದಾರೆ, ಅಜ್ಜ ಅಜ್ಜಿಯರಿಗೂ ಏನಿಲ್ಲ, ಆದರೆ ಒಂದೇ ಮನೆಯ ಅಣ್ಣ ತಂಗಿಯರಲ್ಲಿ ಒಬ್ಬಿಬ್ಬರಿಗೆ ಕಾಯಿಲೆ. ಗಂಡು ಹೆಣ್ಣು ಭೇದ ಇಲ್ಲ. ಮೇಲೆ ಎರಡು ಗೆರೆಯ ಮದುವೆ ಇದ್ದರಂತೂ ಅನುಮಾನ ಇನ್ನೂ ಜಾಸ್ತಿ. ಇದು ಎರಡೂ ಎತ್ತು ಕುಂಟಾದ ಕಥೆ. ಥಲಸ್ಸೇಮಿಯಾ, ಕೆಂಪು ಕಣ ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್, ಸ್ನಾಯು ಸೊರಗುವ ಎಸ್‌ಎಂಎ, ಹುಟ್ಟುಗಿವುಡಿನ ಬಹಳಷ್ಟು ಬಗೆಗಳು ಈ ಗುಂಪಿನವು. 1902ರಲ್ಲೇ ಲಂಡನ್ನಿನ ಡಾಕ್ಟರ್ ಆರ್ಚಿಬಾಲ್ಡ್ ಗ್ಯಾರೊಡ್, ಮೂತ್ರ ಗಾಳಿಗೆ ಕಪ್ಪಾಗುವ ಆಲ್ಕಾಪ್ಟೊನೂರಿಯಾ ಅನ್ನುವ ಕಾಯಿಲೆ ಇದ್ದವರ ಮನೆಗಳನ್ನು ನೋಡಿ, ಅವರಲ್ಲಿ ಅನೇಕರ ಅಪ್ಪ ಅಮ್ಮ ಒಡಹುಟ್ಟಿದವರ ಮಕ್ಕಳು ಅನ್ನುವುದನ್ನು ಗಮನಿಸಿದ್ದರು.

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಕಾಯಿಲೆ, 2 ಪಾಲು ವಾಹಕ, 1 ಪಾಲು ಪೂರ್ತಿ ಮುಕ್ತ. "ಪ್ರತಿ ಬಸಿರಿನಲ್ಲೂ" ಅನ್ನುವುದನ್ನು ಎರಡು ಸಲ ಓದಿ. ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬರಲ್ಲ ಅನ್ನುವ ಲೆಕ್ಕ ತಪ್ಪು. ಚೀಟಿ ಪ್ರತಿ ಸಲ ಹೊಸದಾಗಿ ಎತ್ತುತ್ತಾರೆ. ಈ ತಪ್ಪು ಲೆಕ್ಕ ನಂಬಿ ಕಾಯಿಲೆ ಇರುವ ಇನ್ನೆರಡು ಮಕ್ಕಳನ್ನು ಹೆತ್ತ ತಾಯಿಯನ್ನು ರಕ್ತ ಹಾಕುವ ವಾರ್ಡಿನಲ್ಲೇ ನೋಡಿದ್ದೇನೆ. ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಲೆಕ್ಕ. ಕಾಯಿಲೆ ಇರುವ ಮಗುವಿನ ಆರೋಗ್ಯವಂತ ಅಕ್ಕ ತಂಗಿ, ಅಣ್ಣ ತಮ್ಮಂದಿರು ವಾಹಕರಾಗಿರುವ ಸಾಧ್ಯತೆ 3ರಲ್ಲಿ 2. ಅವರ ಮದುವೆಗೆ ಮೊದಲು ಪರೀಕ್ಷೆ ಆಗಲೇಬೇಕು. ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮಂದಿರಲ್ಲೂ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ.

ಸೋದರಮಾವನಿಗಿತ್ತು, ಅಳಿಯನಿಗೂ ಬಂತು

ಕಪ್ಪಾದದ್ದೆಲ್ಲ ಚೌಕಗಳೇ, ಆ ಚೌಕಗಳ ನಡುವೆ ಬೆಳ್ಳಗಿನ ದುಂಡುಗಳು. ಅಜ್ಜಿಯ ತಮ್ಮನಿಗಿತ್ತು, ಅಮ್ಮನ ಅಣ್ಣನಿಗಿತ್ತು, ಈಗ ಮಗನಿಗೆ. ಇದು ಎಕ್ಸ್ ದಾರಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫಿಲಿಯಾ, ಡುಶೆನ್ ಸ್ನಾಯು ಕಾಯಿಲೆ, ಕೆಂಪು ಹಸಿರು ಗುರುತಿಸಲಾಗದ ಬಣ್ಣಗುರುಡು ಬರುವುದು ಹೀಗೆ. ವಾಹಕ ತಾಯಿಯ ಗಂಡುಮಕ್ಕಳಲ್ಲಿ ಅರ್ಧ ಪಾಲಿಗೆ ಕಾಯಿಲೆ, ಹೆಣ್ಣುಮಕ್ಕಳಲ್ಲಿ ಅರ್ಧ ಪಾಲು ವಾಹಕರು. ಹೀಮೋಫಿಲಿಯಾ ಇರುವ ತಂದೆಯ ಗಂಡುಮಕ್ಕಳಿಗೆ ಅವನಿಂದ ಬರುವುದೇ ಇಲ್ಲ, ಯಾಕೆಂದರೆ ಮಗನಿಗೆ ಅವನು ಕೊಡುವುದು ವೈ. ಹೆಣ್ಣುಮಕ್ಕಳೆಲ್ಲ ಮಾತ್ರ ವಾಹಕರು, ಒಬ್ಬಳೂ ತಪ್ಪುವುದಿಲ್ಲ. ಹಾಗಾಗಿ ಹಾಳೆಯಲ್ಲಿ ತಂದೆಯಿಂದ ಮಗನಿಗೆ ಕಾಯಿಲೆ ನೇರವಾಗಿ ಇಳಿದಿದ್ದರೆ ಎಕ್ಸ್ ದಾರಿಯನ್ನು ಸಾಮಾನ್ಯವಾಗಿ ಪಕ್ಕಕ್ಕಿಡಬಹುದು.

ನಮ್ಮ ಕಡೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಹೀಮೋಫಿಲಿಯಾ ಇರುವ ಮಾವನಿಗೆ ಅಕ್ಕನ ಮಗಳನ್ನು ಕೊಟ್ಟರೆ, ಆ ಹುಡುಗಿಯೇ ತಾಯಿಯಿಂದ ವಾಹಕಳಾಗಿರಬಹುದು. ಆಗ ಅವರ ಹೆಣ್ಣುಮಕ್ಕಳಿಗೂ ಕಾಯಿಲೆ ಬರಬಹುದು. "ಹೆಣ್ಣಿಗೆ ಬರಲ್ಲ" ಅಂತ ಧೈರ್ಯವಾಗಿ ಕೂರಬೇಡಿ. ವಾಹಕ ಹೆಂಗಸರಿಗೂ ಮುಟ್ಟಿನಲ್ಲಿ, ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಬಹುದು, ಹಾಗಾಗಿ ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿ. ಇನ್ನೊಂದು ಮಾತು: ಹೀಮೋಫಿಲಿಯಾದಲ್ಲೂ ಡುಶೆನ್‌ನಲ್ಲೂ ಸುಮಾರು ಮೂರನೇ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ. ಹಾಳೆ ಬೆಳ್ಳಗಿದ್ದ ಮಾತ್ರಕ್ಕೆ ಲಕ್ಷಣ ಕಡೆಗಣಿಸಬೇಡಿ.

ತಲೆಮಾರು ಬಿಡದೆ ಇಳಿದರೆ

ಅಜ್ಜ, ಅಪ್ಪ, ಮಗ, ಮಗಳು, ಹೀಗೆ ಮೇಲಿಂದ ಕೆಳಗೆ ಕಪ್ಪು ಇಳಿದಿದ್ದರೆ ಅದು ಒಂದೇ ಕೆಟ್ಟ ಎತ್ತಿನ ಗಾಡಿ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಮ್ಮದೇ ಮಲೆನಾಡಿನ ಹಂದಿಗೋಡು ಕಾಯಿಲೆ ಇದಕ್ಕೆ ಉದಾಹರಣೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಇದು ಹೊರಗಿನವರ ಗಮನಕ್ಕೆ ಬಂತು. ಸೊಂಟ, ಮೊಣಕಾಲಿನ ಕೀಲು ಸವೆದು, ನೋವಿನಿಂದ ನಡೆಯಲಾಗದೆ ಜನ ಕೂತಲ್ಲೇ ಆದರು. ಗದ್ದೆಗೆ ಹೊಡೆದ ಕ್ರಿಮಿನಾಶಕ ಏಡಿಯ ಮೂಲಕ ಮೈಗೆ ಸೇರಿತು ಅಂತ ಮೊದಲು ಶಂಕಿಸಿದ್ದರು. ಆಮೇಲೆ ಸಂಶೋಧಕರು ಮನೆ ಮನೆಯ ವಂಶಾವಳಿ ಬರೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ಕಾಯಿಲೆ ಅನ್ನುವುದು ಕಂಡಿತು. ಅಲ್ಲೂ ದಾರಿ ತೋರಿಸಿದ್ದು ಹೀಗೆ ಬರೆದ ಹಾಳೆಗಳೇ.

ಈ ಗುಂಪಿನಲ್ಲಿ ಒಂದೇ ಮನೆಯಲ್ಲಿ ಒಬ್ಬರಿಗೆ ಜೋರಾಗಿ, ಇನ್ನೊಬ್ಬರಿಗೆ ಸಣ್ಣದಾಗಿ ಇರಬಹುದು. ಮಿದುಳಿನ ನರಗಳು ಕೆಡುವ ಹಂಟಿಂಗ್‌ಟನ್ ಥರದವು ಮಧ್ಯವಯಸ್ಸಿಗೆ ಬರುವಷ್ಟರಲ್ಲಿ ಮಕ್ಕಳು ಹುಟ್ಟಿ ಆಗಿರುತ್ತದೆ. ಮಗು ಕುಳ್ಳಾಗಿ ಹುಟ್ಟುವ ಅಕೊಂಡ್ರೊಪ್ಲೇಸಿಯಾದಲ್ಲಿ ಸುಮಾರು 80% ಮಕ್ಕಳ ಅಪ್ಪ ಅಮ್ಮ ಸಾಮಾನ್ಯ ಎತ್ತರದವರೇ, ಅವರಲ್ಲಿ ಅದು ಹೊಸದಾಗಿ ಆದ ಬದಲಾವಣೆ, ಮನೆತನದ ಮಾತೇ ಬರುವುದಿಲ್ಲ.

ಡೌನ್ ಸಿಂಡ್ರೋಮ್ ಬಗ್ಗೆ ಜಾಸ್ತಿ ಕೇಳುತ್ತಾರೆ. ಅದು ಸುಮಾರು 95% ಮಕ್ಕಳಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಾಗಿ ಬಂದದ್ದು, ವಂಶದಿಂದ ಇಳಿದದ್ದಲ್ಲ. 3ರಿಂದ 4% ಮಕ್ಕಳಲ್ಲಿ ಮಾತ್ರ ಕ್ರೋಮೋಸೋಮ್ ತುಂಡು ಅಂಟಿಕೊಂಡ ಬಗೆ ಇರುತ್ತದೆ, ಅದು ಅಪ್ಪ ಅಥವಾ ಅಮ್ಮನಿಂದ ಬಂದಿರಬಹುದು. ಮಗುವಿನ ಕ್ಯಾರಿಯೋಟೈಪ್ ರಿಪೋರ್ಟು, ಅಂದರೆ ಕ್ರೋಮೋಸೋಮ್ ಎಣಿಸಿ ನೋಡಿದ ರಿಪೋರ್ಟು, ಎಸೆಯದೆ ಇಟ್ಟುಕೊಳ್ಳಿ, ಮುಂದಿನ ಬಸಿರಿಗೆ ಅದೇ ಬೇಕು. ಇನ್ನು ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕಾಯಿಲೆಗಳಲ್ಲಿ ತಾಯಿಯಿಂದಲೇ ಬರುವ ಒಂದು ಗುಂಪಿದೆ, ಅಪರೂಪ.

ಗೋತ್ರ ಬೇರೆ, ರಕ್ತ ಬೇರೆ ಅಲ್ಲ

"ನಮ್ಮದು ಬೇರೆ ಗೋತ್ರ, ಬೇರೆ ಬೆಡಗು, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಗೋತ್ರವೂ ಬೆಡಗೂ ನಮ್ಮಲ್ಲಿ ಹೆಚ್ಚಾಗಿ ತಂದೆ ಕಡೆಯಿಂದ ಬರುತ್ತವೆ. ಜೀನ್ ಎರಡೂ ಕಡೆಯಿಂದ ಬರುತ್ತದೆ. ಸೋದರಮಾವನ ಗೋತ್ರ ಬೇರೆ ಇರಬಹುದು, ಆದರೆ ಅಕ್ಕನ ಮಗಳ ಜೊತೆ ಅವನು ನಾಲ್ಕನೇ ಒಂದು ಪಾಲು ಜೀನ್ ಹಂಚಿಕೊಂಡಿರುತ್ತಾನೆ. ಅತ್ತೆ ಮಗ, ಮಾವನ ಮಗಳು ಆದರೆ ಎಂಟನೇ ಒಂದು ಪಾಲು. ಹಿಂದಿನ ತಲೆಮಾರುಗಳಲ್ಲೂ ಸೋದರಿಕೆ ಇದ್ದರೆ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಮದುವೆಗಳು ಸಂಬಂಧದಲ್ಲೇ ಆಗಿವೆ.

ಹಾಗಂತ ಹೆದರಿಸುವುದು ನನ್ನ ಉದ್ದೇಶ ಅಲ್ಲ. ಯಾವುದೇ ದಂಪತಿಯ ಮಗುವಿಗೆ ಹುಟ್ಟಿನಿಂದ ದೊಡ್ಡ ತೊಂದರೆ ಇರುವ ಸಾಧ್ಯತೆ 100ಕ್ಕೆ 2ರಿಂದ 3. ಅತ್ತೆ ಮಾವನ ಮಕ್ಕಳು ಮದುವೆಯಾದರೆ ಅದು ಹೆಚ್ಚೂ ಕಡಿಮೆ ದುಪ್ಪಟ್ಟು. ಅಂದರೆ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಆದರೆ ಹಾಳೆಯಲ್ಲಿ ಒಂದು ಕಪ್ಪು ಗುರುತು ಇದ್ದೂ ಸೋದರಿಕೆ ಮಾಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಹೊರಗಿನ ಸಂಬಂಧ ತಂದರೂ ಒಂದೇ ಸಮುದಾಯದೊಳಗೆ ನೂರಾರು ವರ್ಷ ಮದುವೆ ನಡೆದಿದ್ದರೆ ಅಪಾಯ ಪೂರ್ತಿ ಹೋಗುವುದಿಲ್ಲ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಇದೆ. ಆರ್ಯ ವೈಶ್ಯರಲ್ಲಿ ಕೆಲವರಿಗೆ, ಆಪರೇಷನ್‌ಗೆ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಅನ್ನುವ ಔಷಧವನ್ನು ಒಡೆಯುವ ಕಿಣ್ವ ಕಡಿಮೆ, ಉಸಿರಾಟದ ಸ್ನಾಯು ತುಂಬ ಹೊತ್ತು ಎಚ್ಚರಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆ ಆದ ಮೇಲೆ ಹೀಗಾಗಿದ್ದರೆ ಹಾಳೆಯಲ್ಲಿ ಬರೆದು, ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ.

ಪರೀಕ್ಷೆ: ಯಾರಿಗೆ, ಯಾವಾಗ

ಕಾಯಿಲೆ ಇರುವವರಿಗೇ ಮೊದಲು ಮಾಡಿಸಿ. ಅವರಲ್ಲಿ ಯಾವ ಜೀನಿನ ಯಾವ ಜಾಗ ಕೆಟ್ಟಿದೆ ಅಂತ ಸಿಕ್ಕರೆ ಉಳಿದವರಲ್ಲಿ ಅಷ್ಟೇ ಜಾಗ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ಹೇಳಲು ಕಷ್ಟ, ಆದರೂ ಹೇಳುತ್ತೇನೆ: ಮಗು ಉಳಿಯುವ ಹಾಗಿಲ್ಲ ಅಂತ ಡಾಕ್ಟರು ಹೇಳಿದಾಗ, ಅದರ ರಕ್ತದಿಂದ ಡಿಎನ್ಎ ತೆಗೆದಿಡಲು ಕೇಳಿ. ಆ ಹೊತ್ತಿನಲ್ಲಿ ಯಾರಿಗೂ ಇದು ತೋಚುವುದಿಲ್ಲ. ಮುಂದಿನ ಮಗುವಿಗೆ ಅದೇ ದಾರಿ.

ಥಲಸ್ಸೇಮಿಯಾಕ್ಕೆ ಶುರು ಮಾಡುವುದು ಸುಲಭ. ರಕ್ತದ ಕಣಗಳನ್ನು ಎಣಿಸುವ ಸಾಧಾರಣ ಸಿಬಿಸಿ ರಿಪೋರ್ಟು ತೆಗೆದು ನೋಡಿ. ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 80ಕ್ಕಿಂತ ಕಡಿಮೆ, ಅದರೊಳಗಿನ ಹಿಮೋಗ್ಲೋಬಿನ್ ಹೇಳುವ ಎಂಸಿಎಚ್ 27ಕ್ಕಿಂತ ಕಡಿಮೆ, ಆದರೆ ಕೆಂಪು ಕಣಗಳ ಸಂಖ್ಯೆ ಮಾತ್ರ ಚೆನ್ನಾಗಿದೆ ಅಂದರೆ ಅನುಮಾನಿಸಿ. ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಎಚ್‌ಬಿ ಎ2 ಅನ್ನುವ ಬಗೆ 100ಕ್ಕೆ 3.5ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ವಾಹಕರು. ಕಬ್ಬಿಣಾಂಶದ ಕೊರತೆ ಇದ್ದರೆ ಈ ಅಂಕಿ ಇಳಿದು ತೋರಬಹುದು, ಆಗ ಡಾಕ್ಟರು ಕೊರತೆ ಸರಿಮಾಡಿ ಮತ್ತೆ ನೋಡುತ್ತಾರೆ. ವಾಹಕರಾದರೆ ಔಷಧ ಬೇಡ, ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ನೋಡದೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುವುದೂ ಬೇಡ. ನನ್ನ ಎಚ್‌ಬಿ ಎ2 5.1 ಬಂತು. ಅಮ್ಮನದೂ ಹಾಗೇ. ಅಮ್ಮನಿಗೆ "ರಕ್ತ ಕಡಿಮೆ" ಅಂತ ಅಷ್ಟು ವರ್ಷ ಟಾನಿಕ್ ಕೊಟ್ಟಿದ್ದಕ್ಕೆ ಅವತ್ತು ಕಾರಣ ಸಿಕ್ಕಿತು.

ಮದುವೆಗೆ ಮೊದಲು ಅಥವಾ ಮೊದಲ ಬಸಿರಿಗೆ ಮೊದಲು ಮಾಡಿಸಿದರೆ ಆಯ್ಕೆಗಳು ಜಾಸ್ತಿ. ಈಗಾಗಲೇ ಬಸಿರಾಗಿ ಹೆಂಡತಿ ವಾಹಕಳು ಅಂತ ಗೊತ್ತಾದರೆ ಅದೇ ವಾರ ಗಂಡನ ರಕ್ತ ಕೊಡಿ, ಕಾಯಬೇಡಿ. ಇಬ್ಬರೂ ವಾಹಕರಾದರೆ 11ರಿಂದ 13 ವಾರದ ನಡುವೆ ಮಾಸುವಿನ ಚೂರು ತೆಗೆದು, ಇಲ್ಲವೇ 16 ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ಮಗುವಿಗೆ ಕಾಯಿಲೆ ಇದೆಯೇ ನೋಡಬಹುದು. ಇದು ಕಾನೂನಿಗೆ ವಿರುದ್ಧ ಅಲ್ಲ. 1994ರ ಕಾಯ್ದೆ ತಡೆಯುವುದು ಗಂಡು ಹೆಣ್ಣು ಪತ್ತೆಯನ್ನು, ನೋಂದಾಯಿತ ಕೇಂದ್ರದಲ್ಲಿ ಆನುವಂಶಿಕ ಕಾಯಿಲೆ ಪತ್ತೆಗೆ ಅವಕಾಶ ಇದೆ. ರಿಪೋರ್ಟು ನೋಡಿ ಮುಂದೇನು ಅನ್ನುವುದು ಆ ದಂಪತಿಯ ತೀರ್ಮಾನ, ಅತ್ತೆ ಮಾವ ಬೀಗರದ್ದಲ್ಲ.

ಎಲ್ಲಿಗೆ ಹೋಗುವುದು? ಹಾಳೆ ಹಿಡಿದು ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಆನುವಂಶಿಕ ಕಾಯಿಲೆಯ ಬಗ್ಗೆ ಸಲಹೆ, ಇರುವ ಕಡೆ ಹೋಗಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಮಕ್ಕಳಿಗೆ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನರ ಸ್ನಾಯುವಿನ ಕಾಯಿಲೆಗೆ ನಿಮ್ಹಾನ್ಸ್, ಕಿವಿ ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಸಿಕಲ್ ಸೆಲ್‌ಗೆ 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶದ ಜನರಿಗೆ ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಥಲಸ್ಸೇಮಿಯಾ, ಹೀಮೋಫಿಲಿಯಾ, ಸಿಕಲ್ ಸೆಲ್ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಅದು ನಿಮ್ಮ ಹಕ್ಕು.

ಹಾಳೆಯನ್ನು ಊರಿಗೆಲ್ಲ ತೋರಿಸಬೇಡಿ. ಯಾರ ಗುರುತು ಕಪ್ಪಾಗಿದೆಯೋ ಅವರನ್ನು ಕೇಳಿಯೇ ಹಂಚಿಕೊಳ್ಳಿ. ಆದರೆ ಅದೇ ಮನೆಯಿಂದ ಬೇರೆ ಕಡೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಫೋನ್ ಮಾಡಿ ಹೇಳಿ, ಅವರ ಮಕ್ಕಳಿಗೂ ಇದು ಸೇರಿದ್ದು. ವಾಹಕರು ಅಂದರೆ ರೋಗಿಗಳಲ್ಲ, ಮದುವೆಗೆ ಅನರ್ಹರೂ ಅಲ್ಲ. ವಾಹಕಳಲ್ಲದ ಹುಡುಗಿಯನ್ನು ವಾಹಕ ಹುಡುಗ ಮದುವೆಯಾದರೆ ಥಲಸ್ಸೇಮಿಯಾ ಮೇಜರ್ ಭಯ ಇಲ್ಲ. ಇಬ್ಬರೂ ವಾಹಕರಾಗಿ ಪ್ರೀತಿಸಿದ್ದರೂ ದಾರಿ ಇದೆ, ಬಸಿರಿಗೆ ಮೊದಲು ಕೌನ್ಸೆಲಿಂಗಿಗೆ ಹೋಗಬೇಕು ಅಷ್ಟೇ.

ಕಳೆದ ವರ್ಷ ಚಿಕ್ಕಮ್ಮನ ಮಗಳಿಗೆ ಗಂಡು ನೋಡುತ್ತಿದ್ದರು. ಅವಳು ವಾಹಕಳು. ಹುಡುಗನ ಕಡೆಯವರು ಜಾತಕ ಕೇಳಿದಾಗ ಚಿಕ್ಕಮ್ಮ ಜಾತಕದ ಜೊತೆ ಅವಳ ರಿಪೋರ್ಟನ್ನೂ ಇಟ್ಟು, "ನಿಮ್ಮ ಹುಡುಗನದೂ ಒಂದು ಮಾಡಿಸಿ, ಆಮೇಲೆ ಮಾತಾಡೋಣ" ಅಂದರು. ಮೊದಲನೇ ಮನೆಯವರು ಮತ್ತೆ ಫೋನ್ ಮಾಡಲಿಲ್ಲ. ಎರಡನೇ ಮನೆಯ ಹುಡುಗ ತಾನೇ ಲ್ಯಾಬಿಗೆ ಹೋಗಿ ರಿಪೋರ್ಟಿನ ಫೋಟೋ ಕಳಿಸಿದ. ಎಚ್‌ಬಿ ಎ2 2.6, ಎಂಸಿವಿಯೂ ಸರಿ ಇತ್ತು. ಚಿಕ್ಕಮ್ಮ ಅದನ್ನು ನನಗೆ ಕಳಿಸಿ, "ಇದು ಒಳ್ಳೇದು ತಾನೇ?" ಅಂತ ಮೂರು ಸಲ ಕೇಳಿದರು. ಮೂರು ಸಲವೂ ಹೌದು ಅಂದೆ.